ಊರಿಗೆ ಸೂಜಿ ಮಾಡುತ್ತಿದ್ದ ಅಕ್ಕ

ನನ್ನ ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನರ್ಸ್ ಆಗಿದ್ದಳು. ಈಗ ಆ ಕೆಲಸದಲ್ಲಿಲ್ಲ. ಆದರೂ ಬೀಳಗಿಯ ಆಚೆಗಿರುವ ನಮ್ಮ ತವರೂರಿನಲ್ಲಿ ಜನ ಆಕೆಯನ್ನು ಇವತ್ತಿಗೂ ‘ಸಿಸ್ಟರ್’ ಎಂದೇ ಕರೆಯುತ್ತಾರೆ. ಕುರಿ ಕಾಯುವ, ಜೋಳ ಬೆಳೆಯುವ ಮನೆತನ ನಮ್ಮದು. ನಮ್ಮ ಓಣಿಯಲ್ಲಿ ಹತ್ತನೆಯ ತರಗತಿ ದಾಟಿದ ಮೊದಲ ಹುಡುಗಿ ಆಕೆ. ಕೆಲಸಕ್ಕೆ ಸೇರಿದ ಮೇಲೆ ರಜೆಗೆಂದು ಊರಿಗೆ ಬಂದರೆ, ಬೆಳಿಗ್ಗೆ ಆಕೆ ಮುಖ ತೊಳೆಯುವಷ್ಟರಲ್ಲಿ ನಮ್ಮ ಕಟ್ಟೆಯ ಮೇಲೆ ನಾಲ್ಕೈದು ಮಂದಿ ಬಂದು ಕೂತಿರುತ್ತಿದ್ದರು. ಡಾಕ್ಟರು ಬರೆದ ಚೀಟಿ ಒಂದು ಕೈಯಲ್ಲಿ, ಔಷಧದ ಬಾಟಲಿ ಇನ್ನೊಂದು ಕೈಯಲ್ಲಿ. ಆಕೆ ಸೂಜಿ ಮಾಡಿದರೆ ಇರುವೆ ಕಚ್ಚಿದಷ್ಟೂ ಗೊತ್ತಾಗುವುದಿಲ್ಲ ಎಂದು ಊರಲ್ಲೆಲ್ಲ ಹೆಸರಾಗಿತ್ತು. ಒಂದು ವರ್ಷ ಕುರಿಗಳಿಗೆ ಲಸಿಕೆ ಹಾಕಲು ಬಂದ ದನದ ಡಾಕ್ಟರಿಗೆ ಕೈ ಸಾಲದಾದಾಗ ಅಪ್ಪ ಅಕ್ಕನನ್ನೇ ಹಟ್ಟಿಗೆ ಕರೆದುಕೊಂಡು ಹೋದ. ಸೀರೆಯ ನೆರಿಗೆ ಎತ್ತಿ ಕಟ್ಟಿ, ಇನ್ನೂರು ಕುರಿಗೆ ಸೂಜಿ ಮಾಡಿ, ಉಣ್ಣೆಯ ವಾಸನೆ ಹೊಡೆಯುತ್ತ ಮನೆಗೆ ಬಂದು ನಗುತ್ತ ಕೂತಳು. ಅಪ್ಪ ಸಾಯುವವರೆಗೂ ಈ ಸಂಗತಿಯನ್ನು ಬಂದವರಿಗೆಲ್ಲ ಹೇಳುತ್ತಿದ್ದ.

ಅಕ್ಕನನ್ನು ಅವ್ವನ ತಮ್ಮನಿಗೇ ಕೊಟ್ಟಿದ್ದರು. ನಮ್ಮ ಕಡೆ ಅದು ರೂಢಿ. ಹಾಗಾಗಿ ಅಕ್ಕನ ಗಂಡ ನನಗೆ ಸೋದರಮಾವ. ಮಾವ ಬಸ್ ಡ್ರೈವರ್. ಮುಧೋಳದಲ್ಲಿ ಅವರ ಮನೆ, ಅಲ್ಲಿಯೇ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅಕ್ಕನ ಕೆಲಸ. ಅವರಿಗೊಬ್ಬಳೇ ಮಗಳು. ನನ್ನನ್ನು ಬನಹಟ್ಟಿಗೆ ಕೊಟ್ಟರು. ಮನೆಯ ಹಿಂದೆ ನನ್ನ ಗಂಡನ ನಾಲ್ಕು ಪವರ್‌ಲೂಮ್ ಮಗ್ಗಗಳಿವೆ. ನಾನು ರಬಕವಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ.

ಅಪ್ಪ ಹೋದ ಮರುವರ್ಷ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಮೀರಜಿಗೆ ಕರೆದೊಯ್ದು ಆಪರೇಷನ್ ಮಾಡಿಸಿ ನಮ್ಮ ಮನೆಗೆ ತಂದೆವು. ನೋವಿಗೆಂದು ಕೊಟ್ಟ ಗುಳಿಗೆ ಜೋರಿನದು. ಬರೆದುಕೊಟ್ಟದ್ದಕ್ಕಿಂತ ಒಂದೂ ಹೆಚ್ಚು ಕೊಡಬಾರದು ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಅಕ್ಕ ಪ್ರತಿ ರವಿವಾರ ಮುಧೋಳದಿಂದ ಬರುತ್ತಿದ್ದಳು. ಅವ್ವನ ಮೈ ತೊಳೆದು, ಬೆನ್ನಿಗೆ ಪೌಡರ್ ಹಾಕಿ, ತಲೆ ಬಾಚಿ, ಸಂಜೆಯವರೆಗೆ ಹಾಸಿಗೆಯ ಪಕ್ಕದಲ್ಲೇ ಇರುತ್ತಿದ್ದಳು. ನಾನು ಶಾಲೆಗೆ ಹೋದ ದಿನಗಳಲ್ಲಿ ಅವ್ವನನ್ನು ನೋಡಿಕೊಳ್ಳುತ್ತಿದ್ದವಳು ನಮ್ಮ ಓಣಿಯ ಒಬ್ಬ ಹೆಂಗಸು. ನಮ್ಮ ಮಗ್ಗಗಳಿಗೆ ನೂಲನ್ನು ಸಣ್ಣ ಕೊಳವೆಗಳಿಗೆ ಸುತ್ತಿ ಕಂಡಿಕೆ ಮಾಡಿಕೊಡುತ್ತಿದ್ದವಳು. ಚಿಕ್ಕಮ್ಮನಿಗೆ ಅನ್ನುವ ಹಾಗೆ ಎಲ್ಲರೂ ಆಕೆಗೆ ಕಾಕು ಎನ್ನುತ್ತಿದ್ದೆವು. ಕಂಡಿಕೆ ಸುತ್ತುವ ರಾಟಿಯನ್ನೇ ಅವ್ವನ ಕೋಣೆಯ ಬಾಗಿಲಿಗೆ ತಂದಿಟ್ಟುಕೊಂಡು, ಕೈ ನೂಲಿನ ಮೇಲೆ, ಕಣ್ಣು ಅವ್ವನ ಮೇಲೆ ಇಟ್ಟು ಕೂರುತ್ತಿದ್ದಳು.

ಮೂರನೆಯ ತಿಂಗಳಿಗೆ ಗುಳಿಗೆಗಳು ಕಡಿಮೆ ಬೀಳತೊಡಗಿದವು. ತಿಂಗಳಿಗೆಂದು ತಂದದ್ದು ಹದಿನೆಂಟು ದಿನಕ್ಕೇ ಮುಗಿಯುತ್ತಿತ್ತು. ನಾನೇ ತಪ್ಪಿ ಹೆಚ್ಚು ಕೊಟ್ಟಿರಬೇಕು ಎಂದುಕೊಂಡೆ. ಮುಂದಿನ ತಿಂಗಳೂ ಹಾಗೇ ಆಯಿತು. ಹಗಲೆಲ್ಲ ಮನೆಯಲ್ಲಿ ಅವ್ವನ ಹತ್ತಿರ ಇರುವವಳು ಒಬ್ಬಳೇ, ಕಾಕು. ಆಕೆಯ ಗಂಡನಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನಲ್ಲಿ ಮಾಯದ ಹುಣ್ಣಾಗಿತ್ತು, ನೋವೆಂದು ಆತ ನರಳುವುದು ಓಣಿಗೆಲ್ಲ ಗೊತ್ತಿತ್ತು. ನನ್ನ ತಲೆಯಲ್ಲಿ ಲೆಕ್ಕ ಕೂಡಿಬಿಟ್ಟಿತು. ಅವ್ವನಿಗೆ ಹೇಳಿದೆ. ಅವ್ವ, “ಆಕಿ ಅಂಥಾಕಿ ಅಲ್ಲ,” ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಅಷ್ಟಕ್ಕೇ ಸುಮ್ಮನಾದಳಲ್ಲ ಎಂದು ನಾನು ಆಗ ಯೋಚಿಸಲಿಲ್ಲ. ಮರುದಿನ ಕಾಕುವಿಗೆ ನೇರವಾಗಿ ಕಳ್ಳಿ ಎನ್ನಲಿಲ್ಲ; ನಾಳೆಯಿಂದ ಬರುವುದು ಬೇಡ, ಅವ್ವನಿಗೆ ಬೇರೆ ವ್ಯವಸ್ಥೆ ಮಾಡಿದ್ದೇವೆ, ಗುಳಿಗೆ ಯಾಕೋ ಕಡಿಮೆ ಬೀಳುತ್ತಿವೆ ಎಂದೆ. ಆ ಕೊನೆಯ ಮಾತನ್ನು ಬೇಕೆಂದೇ ಸೇರಿಸಿದ್ದೆ. ಕಾಕು ನನ್ನನ್ನು ಒಂದು ಕ್ಷಣ ನೋಡಿದಳು. ರಾಟಿಯನ್ನು ಹೆಗಲಿಗೇರಿಸಿಕೊಂಡು ಹೊರಟುಹೋದಳು. ಆಮೇಲೆ ಆಕೆ ಬೇರೆಯವರ ಮಗ್ಗಕ್ಕೆ ಕಂಡಿಕೆ ಸುತ್ತಲು ಹೋಗುವುದು ಕಾಣುತ್ತಿತ್ತು. ಎದುರಿಗೆ ಸಿಕ್ಕರೆ ಸೆರಗು ಸರಿಪಡಿಸಿಕೊಂಡು ಪಕ್ಕದಿಂದ ಹಾದುಹೋಗುತ್ತಿದ್ದಳು.

ಗುಳಿಗೆಗಳು ಆಮೇಲೂ ಕಡಿಮೆ ಬಿದ್ದವು. ಆಗಲೂ ನನಗೆ ಅಕ್ಕನ ನೆನಪಾಗಲಿಲ್ಲ. ಮನೆಯವರ್ಯಾರ ಮೇಲೂ ಅನುಮಾನ ಬರಲಿಲ್ಲ ಎಂದರೆ ಸರಿ. ಔಷಧದ ಅಂಗಡಿಯವನೇ ಕಡಿಮೆ ಕೊಡುತ್ತಿರಬೇಕು ಎಂದು ನನ್ನನ್ನು ನಾನೇ ನಂಬಿಸಿಕೊಂಡೆ.

ಏಪ್ರಿಲ್‌ನಲ್ಲಿ ಶಿಕ್ಷಕರ ತರಬೇತಿಗೆಂದು ಮುಧೋಳಕ್ಕೆ ಹೋಗಬೇಕಾಯಿತು. ಮಧ್ಯಾಹ್ನದ ಬಿಡುವಿನಲ್ಲಿ ಅಕ್ಕನ ಜೊತೆ ಊಟ ಮಾಡೋಣವೆಂದು ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿಕೊಂಡು ಹೋಗಿದ್ದೆ. ಆಸ್ಪತ್ರೆಯ ಬಾಗಿಲಲ್ಲಿ ಕೂತಿದ್ದ ಹುಡುಗಿ, ಸಿಸ್ಟರ್ ಕೆಲಸ ಬಿಟ್ಟು ಎರಡು ತಿಂಗಳಾಯಿತಲ್ಲ, ನಿಮಗೆ ಗೊತ್ತಿಲ್ಲವೇ ಎಂದು ಕೇಳಿದಳು. ಹಿಂದಿನ ರವಿವಾರವಷ್ಟೇ ಅಕ್ಕ ನಮ್ಮ ಮನೆಯಲ್ಲಿ ಕೂತು ಆಸ್ಪತ್ರೆಯ ಸುದ್ದಿ ಹೇಳಿದ್ದಳು. ಯಾವುದೋ ಹೆರಿಗೆಯ ಕಥೆ, ಅವಳಿ ಮಕ್ಕಳ ಕಥೆ. ಬುತ್ತಿಯ ಚೀಲ ಹಿಡಿದುಕೊಂಡು ಬಿಸಿಲಲ್ಲಿ ಆಕೆಯ ಮನೆಗೆ ನಡೆದೆ.

ಬಾಗಿಲು ತೆರೆದವಳು ಆಕೆಯ ಮಗಳು. ಆಗ ಹದಿಮೂರು ವರ್ಷ. ಕೈಯೆಲ್ಲ ಪಾತ್ರೆ ತೊಳೆದ ನೊರೆ. ತನ್ನ ಅವ್ವ ಮಲಗಿದ್ದಾಳೆ, ಎಬ್ಬಿಸಬೇಡ ಎಂದಳು. ಒಳಗೆ ಅಕ್ಕ ಫ್ಯಾನಿನ ಕೆಳಗೆ ಮಲಗಿದ್ದಳು. ಮುಧೋಳದ ಏಪ್ರಿಲ್ ಬಿಸಿಲಿನಲ್ಲಿ ಮುಂಗೈವರೆಗಿನ ತೋಳಿನ ರವಿಕೆ ಹಾಕಿದ್ದಳು. ಕೆಲವು ತಿಂಗಳಿಂದ ಹಾಗೇ ಹಾಕುತ್ತಿದ್ದಳು, ನಾನದನ್ನು ಹೊಸ ಫ್ಯಾಶನ್ ಎಂದುಕೊಂಡಿದ್ದೆ. ಪಕ್ಕದಲ್ಲಿ ಕೂತು ಭುಜದ ಮೇಲೆ ಕೈಯಿಟ್ಟೆ. ಬಟ್ಟೆಯ ಕೆಳಗೆ ಮಾಂಸ ಕಟ್ಟಿಗೆಯಂತೆ ಗಟ್ಟಿಯಾಗಿತ್ತು. ಆಕೆಗೆ ಎಚ್ಚರವಾಗಲಿಲ್ಲ.

ಹುಡುಗಿ ಕೈ ಒರೆಸಿಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತಳು. ನಾನು ಕೇಳುವ ಮೊದಲೇ ಆಕೆಯೇ ತನ್ನ ಶಾಲೆಯ ಚೀಲ ತಂದು, ಕಂಪಾಸ್ ಬಾಕ್ಸ್ ತೆರೆದು ತೋರಿಸಿದಳು. ಸ್ಕೇಲು, ಪೆನ್ಸಿಲು, ಕೋನಮಾಪಕದ ಕೆಳಗೆ ಮೂರು ಸಿರಿಂಜು, ಕಾಗದದಲ್ಲಿ ಸುತ್ತಿದ ಸೂಜಿಗಳು.

“ನಾ ಮುಚ್ಚಿಟ್ಟೀನಿ ಚಿಗವ್ವಾ,” ಎಂದಳು. “ಸಾಲಿಗೆ ಒಯ್ದ್ರ ಆಕಿಗೆ ಸಿಗಂಗಿಲ್ಲ.”

ದಿನವೂ ಅವುಗಳನ್ನು ಶಾಲೆಗೆ ಹೊತ್ತುಕೊಂಡು ಹೋಗಿ ಬರುತ್ತಿದ್ದಳು. ಟೀಚರ್ ಚೀಲ ತಪಾಸಣೆ ಮಾಡಿದ್ದರೆ ಏನು ಹೇಳುತ್ತಿದ್ದೆ ಎಂದು ಎಷ್ಟೋ ದಿನಗಳ ನಂತರ ಕೇಳಿದೆ. ಅದನ್ನೂ ಯೋಚಿಸಿಟ್ಟಿದ್ದಳು. ವಿಜ್ಞಾನದ ಪ್ರಯೋಗಕ್ಕೆ ಎಂದು ಹೇಳುತ್ತಿದ್ದಳಂತೆ.

ತರಬೇತಿಗೆ ಮರಳಿ ಹೋಗಲಿಲ್ಲ. ಮಾವನ ಬಸ್ಸು ಮೂರೂವರೆಗೆ ಮುಧೋಳಕ್ಕೆ ಬರುತ್ತದೆಂದು ಗೊತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತೆ. ಮಂದಿಯೆಲ್ಲ ಇಳಿದ ಮೇಲೆ ಮಾವ ನನ್ನನ್ನು ಕಂಡ. ಯಾಕೆ ಬಂದೆ ಎಂದು ಕೇಳಲಿಲ್ಲ. ಕಂಡಕ್ಟರನನ್ನು ಚಹಾಕ್ಕೆ ಕಳಿಸಿ, ಖಾಲಿ ಬಸ್ಸಿನ ಮುಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿ, ತಾನು ಡ್ರೈವರ್ ಸೀಟಿನಲ್ಲಿ ನನ್ನ ಕಡೆ ತಿರುಗಿ ಕೂತ. ಎಲ್ಲ ಆಗ ಗೊತ್ತಾಯಿತು. ಎರಡು ವರ್ಷದ ಹಿಂದೆ ಅಕ್ಕ ಆಸ್ಪತ್ರೆಯಲ್ಲಿ ರೋಗಿಯೊಬ್ಬನನ್ನು ಎತ್ತಲು ಹೋಗಿ ಬೆನ್ನು ಹಿಡಿಸಿಕೊಂಡಿದ್ದಳು. ಜೊತೆಯವರು ನೋವಿನ ಇಂಜೆಕ್ಷನ್ ಕೊಟ್ಟು ಕೆಲಸಕ್ಕೆ ನಿಲ್ಲಿಸಿದರು. ಆಮೇಲೆ ತಾನೇ ಮಾಡಿಕೊಳ್ಳತೊಡಗಿದಳು. ರೋಗಿಗಳಿಗೆ ಕೊಟ್ಟು ಉಳಿದದ್ದನ್ನು ಇಟ್ಟುಕೊಳ್ಳುತ್ತಿದ್ದಳು. ಆಸ್ಪತ್ರೆಯವರಿಗೆ ಗೊತ್ತಾದಾಗ ಗದ್ದಲ ಮಾಡದೆ ಮನೆಗೆ ಕಳಿಸಿದ್ದರು. ಎಷ್ಟೋ ಸಲ ಮಾವ ಆಣೆ ಹಾಕಿಸಿದ್ದ, ಆಕೆಯೂ ಹಾಕಿದ್ದಳು.

ನಮಗ್ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮಾವ ಸ್ಟಿಯರಿಂಗಿನ ಮೇಲೆ ಕೈಯಾಡಿಸಿದ.

“ಅಕ್ಕಗ ಹೆಂಗ ಹೇಳ್ಲಿ? ಆಕಿ ಮಗಳನ್ನ ನನ್ನ ಕೈಯಾಗ ಕೊಟ್ಟಾಳ.” ಅವ್ವ ಆತನಿಗೆ ಅಕ್ಕ, ಎತ್ತಿ ಆಡಿಸಿ ಬೆಳೆಸಿದವಳು. ಮತ್ತೆ ಹೇಳಿದ, “ರಾತ್ರಿ ಆಕಿ ಉಸಿರಾಡ್ತಾಳೋ ಇಲ್ಲೋ ನೋಡ್ಕೋತ ಕುಂದರ್ತೀನಿ. ಮುಂಜಾನೆ ಗಾಡಿ ಹಿಡೀತೀನಿ. ಎಪ್ಪತ್ತು ಮಂದಿ ಇರ್ತಾರ ನನ್ನ ಹಿಂದ. ಮೊನ್ನಿ ಕಣ್ಣ ಮುಚ್ಚಿದ್ದು ನನಗ ಗೊತ್ತಾಗ್ಲಿಲ್ಲ. ಕಂಡಕ್ಟರ ಸೀಟಿ ಊದಿದ, ಅದಕ್ಕ ಉಳದ್ವಿ.”

ಆವತ್ತೇ ಸಂಜೆ ನನ್ನ ಗಂಡ ಗಾಡಿ ಮಾಡಿಕೊಂಡು ಬಂದ. ಅಕ್ಕನನ್ನೂ ಹುಡುಗಿಯನ್ನೂ ಬನಹಟ್ಟಿಗೆ ಕರೆತಂದೆವು. ದಾರಿಯಲ್ಲಿ ಅಕ್ಕ ಒಂದೇ ಸಮನೆ ಆಕಳಿಸುತ್ತಿದ್ದಳು, ಮೂಗು ಒರೆಸಿಕೊಳ್ಳುತ್ತಿದ್ದಳು. ನೆಗಡಿ ಎಂದಳು.

ಅವ್ವನಿಗೆ ಹೇಳುವುದು ನನ್ನ ಪಾಲಿಗೆ ಬಂತು. ಅಷ್ಟೊತ್ತಿಗೆ ಆಕೆ ವಾಕರ್ ಹಿಡಿದು ಅಂಗಳದವರೆಗೆ ನಡೆಯುತ್ತಿದ್ದಳು. ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿ, ಮಗ್ಗದ ಸದ್ದು ನಿಂತ ಹೊತ್ತು ನೋಡಿ ಹೇಳಿದೆ. ಅಳುತ್ತಾಳೆ, ನಂಬುವುದಿಲ್ಲ, ಮಾವನನ್ನು ಬೈಯುತ್ತಾಳೆ ಎಂದೆಲ್ಲ ಎಣಿಸಿದ್ದೆ. ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಗುಳಿಗೆಗಳನ್ನು ಯಾರೂ ಕದ್ದಿಲ್ಲ ಎಂದಳು.

“ಯವ್ವಾ, ಬೆನ್ನ ಭಾಳ ನೋಯಾಕತ್ತೈತಿ ಬೇ, ಒಂದು ಕೊಡು ಅಂತಿದ್ಲು. ನಾನ ಕೊಟ್ನಿ. ನನ್ನ ಎಲುಬು ಕೂಡಿತ್ತಲ್ಲ, ತಡಕೊಂಡ್ರ ಆತು ಅಂದ್ಕೊಂಡ್ನಿ.”

ನಾಲ್ಕು ತಿಂಗಳು ಅವ್ವ ತನ್ನ ಗುಳಿಗೆಯನ್ನು ನಾಲಗೆಯ ಕೆಳಗೆ ಇಟ್ಟುಕೊಂಡು, ನಾವು ಆಚೆ ಹೋದ ಮೇಲೆ ತೆಗೆದು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಅದೂ ಸಾಲದಾದಾಗ ಡಬ್ಬಿಯಿಂದಲೂ ತೆಗೆದು ಕೊಟ್ಟಿದ್ದಳು. ಮುರಿದ ಸೊಂಟದ ನೋವನ್ನು ಹಾಗೇ ನುಂಗಿಕೊಂಡು ರವಿವಾರಕ್ಕೆ ಕಾಯುತ್ತಿದ್ದಳು. ಕಾಕುವಿನ ವಿಷಯ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ನನ್ನ ಮಗಳ ಹೆಸರ ಬರಬಾರದಂತ ಪರರ ಮಗಳ ಹೆಸರ ಕೆಡಿಸಿದ್ನಿ,” ಎಂದಳು ಅವ್ವ.

ಸುದ್ದಿ ಹೇಗೋ ಊರಿಗೆ ಮುಟ್ಟಿತು. ದೊಡ್ಡಪ್ಪನ ಮನೆಯವರು ಬಂದರು. ಹೊರಗಿನ ಕಾಟ ಇರಬೇಕು, ಬೀರೇಶ್ವರನ ಗುಡಿಯಲ್ಲಿ ಐದು ವಾರ ಕೂರಿಸೋಣ ಎಂದರು. ಅವ್ವನ ಭಕ್ತಿ ಅವರೆಲ್ಲರಿಗಿಂತ ದೊಡ್ಡದು, ಸೋಮವಾರ ಭಂಡಾರ ಹಚ್ಚಿಕೊಳ್ಳದೆ ನೀರೂ ಕುಡಿಯದವಳು. ತನ್ನ ಚೀಲದಿಂದ ಭಂಡಾರದ ಅರಿಶಿನ ತೆಗೆದು ಅಕ್ಕನ ಹಣೆಗೆ ಹಚ್ಚಿದಳು. ಹಚ್ಚಿ, “ದೇವರ ಕೆಲಸ ಇಷ್ಟ. ಮುಂದಿಂದು ಡಾಕ್ಟರ್ದು. ಧಾರವಾಡಕ್ಕ ಕರಕೊಂಡ ಹೋಗ್ರಿ,” ಎಂದಳು. ದೊಡ್ಡಪ್ಪನ ಮನೆಯವರು ಚಹಾ ಕುಡಿದು ಹೋದರು.

ಧಾರವಾಡದ ಆಸ್ಪತ್ರೆಯಲ್ಲಿ ಅಕ್ಕ ಐದು ವಾರ ಇದ್ದಳು. ಮೊದಲ ವಾರ ಮಾವ ರಜೆ ಹಾಕಿ ಜೊತೆಗಿದ್ದ. ಬೆವರು, ವಾಂತಿ, ಕಾಲು ಸೆಳೆತ, ಎಲ್ಲ ಆತ ನೋಡಿದ. ನನಗೆ ಫೋನಿನಲ್ಲಿ ಹೇಳುವಾಗ ‘ಸ್ವಲ್ಪ ತ್ರಾಸು’ ಎಂದಷ್ಟೇ ಹೇಳುತ್ತಿದ್ದ. ನಾನು ಶಾಲೆಯಲ್ಲಿ ಅಕ್ಕನಿಗೆ ಬೆನ್ನಿನ ಚಿಕಿತ್ಸೆ ನಡೆದಿದೆ ಎಂದೆ. ಒಂದು ಸುಳ್ಳಿಗೆ ಬೆನ್ನಿಗೊಂದು ಸುಳ್ಳು ಬೇಕಾಗುತ್ತದೆ. ಯಾವ ಡಾಕ್ಟರು, ಆಪರೇಷನ್ ಆಯಿತೇ, ಬೆಲ್ಟು ಕಟ್ಟಿದ್ದಾರೆಯೇ ಎಂದು ಕೇಳುವವರಿಗೆಲ್ಲ ಒಂದೊಂದು ಉತ್ತರ ಹೊಂದಿಸಿ, ಯಾರಿಗೆ ಏನು ಹೇಳಿದ್ದೆ ಎಂಬುದೇ ಮರೆಯುವಂತಾಯಿತು. ಅಕ್ಕ ಎರಡು ವರ್ಷ ಹೀಗೇ ಬದುಕಿದ್ದಳು ಎಂಬುದು ಆಗ ನನಗೆ ಹೊಳೆಯಿತು.

ಹುಡುಗಿ ನಮ್ಮ ಮನೆಯಲ್ಲಿದ್ದಳು. ಅಂಥ ಶಾಣ್ಯಾ ಹುಡುಗಿಯನ್ನು ನಾನು ಇಪ್ಪತ್ತು ವರ್ಷದ ನೌಕರಿಯಲ್ಲಿ ಕಂಡಿಲ್ಲ. ಹೇಳುವ ಮೊದಲೇ ಕಸ ಹೊಡೆಯುತ್ತಿದ್ದಳು, ತಟ್ಟೆಯಲ್ಲಿ ಹಾಕಿದ್ದನ್ನು ಉಣ್ಣುತ್ತಿದ್ದಳು, ಹೊಸ ಬಟ್ಟೆ ಕೇಳುತ್ತಿರಲಿಲ್ಲ, ಟಿ.ವಿ.ಯ ಸದ್ದನ್ನೂ ಜೋರು ಮಾಡುತ್ತಿರಲಿಲ್ಲ. ಓಣಿಯವರು ಹೊಗಳುತ್ತಿದ್ದರು. ಆಕೆ ಒಂದು ಸಲವಾದರೂ ಹಠ ಮಾಡಲಿ ಎಂದು ನಾನು ಕಾಯುತ್ತಿದ್ದೆ. ಅಕ್ಕ ಧಾರವಾಡದಿಂದ ಫೋನ್ ಮಾಡಿದರೆ ಆಕೆ ಹಿತ್ತಲಿಗೆ ಹೋಗಿ ಮಗ್ಗದ ಪಕ್ಕ ನಿಂತುಬಿಡುತ್ತಿದ್ದಳು. ಅಲ್ಲಿ ಯಾರು ಕರೆದರೂ ಕೇಳಿಸುವುದಿಲ್ಲ.

ಅಕ್ಕ ಬಂದಳು. ಮುಖ ತುಂಬಿಕೊಂಡಿತ್ತು, ಗಿಡ್ಡ ತೋಳಿನ ರವಿಕೆ ಹಾಕಿದ್ದಳು. ತೋಳಿನ ಮೇಲಿನ ಕಪ್ಪು ಗಂಟುಗಳನ್ನು ಮುಚ್ಚಿಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಒಂದು ಗುಳಿಗೆ ಕೊಟ್ಟಿದ್ದರು. ಅದು ಮೈಯಲ್ಲಿದ್ದರೆ ಇಂಜೆಕ್ಷನ್ ಮಾಡಿಕೊಂಡರೂ ಹತ್ತುವುದಿಲ್ಲವಂತೆ. ಮನೆಯವರೇ ಎದುರಿಗೆ ನಿಂತು ನುಂಗಿಸಬೇಕು. ಮುಧೋಳದ ಮನೆಯಲ್ಲಿ ಮಾವ ಡ್ಯೂಟಿಗೆ ಹೊರಡುವ ಮುನ್ನ ಅದನ್ನು ಕೊಡುತ್ತಿದ್ದ. ಬಾಯಿ ತೆರೆಸಿ ನೋಡಲು ಆತನಿಗೆ ಮನಸ್ಸಾಗಲಿಲ್ಲ. ದನದ ಹಲ್ಲು ನೋಡಿದ ಹಾಗೆ ಹೆಂಡತಿಯ ಬಾಯಿ ಹೇಗೆ ನೋಡಲಿ ಎಂದ. ಅಕ್ಕ ಎರಡು ತಿಂಗಳು ಸರಿಯಾಗಿ ನುಂಗಿದಳು. ಮೂರನೆಯ ತಿಂಗಳಿಂದ ನಾಲಗೆಯ ಕೆಳಗೆ ಇಟ್ಟುಕೊಂಡಳು. ಅವ್ವ ತನಗಾಗಿ ಮಾಡಿದ್ದನ್ನೇ ಆಕೆ ಮಾಡಿದಳು, ಬೇರೆ ಕಾರಣಕ್ಕೆ.

ದೀಪಾವಳಿಯ ಮುಂದೆ ಒಂದು ಮಧ್ಯಾಹ್ನ ಅಕ್ಕನೇ ನನಗೆ ಫೋನ್ ಮಾಡಿದಳು. ಜಮಖಂಡಿಯ ಬಸ್ ಸ್ಟ್ಯಾಂಡಿನಲ್ಲಿದ್ದೇನೆ, ಬರುತ್ತೀಯಾ ಎಂದಳು. ಅರ್ಧ ದಿನದ ರಜೆ ಚೀಟಿ ಬರೆದಿಟ್ಟು ಹೋದೆ. ಕಲ್ಲಿನ ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಕರಿ ಪ್ಲಾಸ್ಟಿಕ್ ಚೀಲ. ಮುಧೋಳದಲ್ಲಿ ತನ್ನನ್ನು ಗುರುತಿಸುತ್ತಾರೆ ಎಂದು ಜಮಖಂಡಿಗೆ ಬಂದು, ಹಳೆಯ ಚೀಟಿ ತೋರಿಸಿ ಇಂಜೆಕ್ಷನ್ ಕೊಂಡಿದ್ದಳು. ಹದಿನೈದು ದಿನದಿಂದ ಹೀಗೇ ನಡೆದಿತ್ತಂತೆ.

ಸಿಟ್ಟು ಬಂದಿತ್ತು ನನಗೆ. ಮಗಳ ಮುಖವನ್ನಾದರೂ ನೋಡಬಾರದೇ ಎಂದೆ. ಎಲ್ಲರೂ ಹೇಳುವ ಮಾತೇ. ಅಕ್ಕ ತಲೆ ತಗ್ಗಿಸಲಿಲ್ಲ, ಬಸ್ಸುಗಳ ಕಡೆ ನೋಡುತ್ತ ಮೆಲ್ಲಗೆ ಮಾತಾಡಿದಳು.

“ಮೊದಲ ನೋವಿಗೆ ತಗೊಂಡ್ನಿ. ಆಮ್ಯಾಲ ನೋವು ಹೋತು, ಅದು ಹೋಗ್ಲಿಲ್ಲ. ತಗೊಂಡಾಗ ಸುಖಾನೂ ಇಲ್ಲ ಈಗ. ತಗೊಳ್ಳದಿದ್ರ ನಾ ಮನಷ್ಯಾಳ ಅನಸಂಗಿಲ್ಲ. ಮಗಳ ಮಾರಿ ದಿನಾ ನೋಡ್ತೀನಿ. ನೋಡಿ ನೋಡಿನ ಇಲ್ಲಿ ಕುಂತೀನಿ, ಮನಿಗೆ ಒಯ್ಯಬಾರದಂತ.”

ಚೀಲವನ್ನು ನನ್ನ ಕೈಗೆ ಕೊಟ್ಟಳು. ಏನು ಮಾಡಬೇಕೆಂದು ನನಗೆ ತೋಚಲಿಲ್ಲ. ಬಾಟಲಿಗಳನ್ನು ಅಲ್ಲಿಯೇ ಶೌಚಾಲಯದಲ್ಲಿ ಒಡೆದು ಸುರಿದು ಬಂದೆ. ಗಾಜು ಚುಚ್ಚಿ ಬೆರಳಲ್ಲಿ ರಕ್ತ ಬಂತು. ಅಕ್ಕ ತನ್ನ ಕರವಸ್ತ್ರದಿಂದ ಒತ್ತಿ ಹಿಡಿದು, ಕೈ ಮೇಲೆತ್ತಿ ಹಿಡಿಯಲು ಹೇಳಿದಳು. ಕಟ್ಟು ಬಿಗಿಯಾಗಿ ಬಿತ್ತು. ಅಲ್ಲಿಂದಲೇ ಇಬ್ಬರೂ ಧಾರವಾಡದ ಬಸ್ಸು ಹತ್ತಿದೆವು. ಮಾವನಿಗೆ ದಾರಿಯಲ್ಲಿ ಫೋನ್ ಮಾಡಿದೆ.

ಎರಡನೆಯ ಸಲ ಎರಡೂವರೆ ತಿಂಗಳು. ಈ ಸಲ ಮನೆಯವರನ್ನೂ ಕೂರಿಸಿ ಮಾತಾಡಿಸಿದರು. ನಾನು ಮಾಡುತ್ತಿದ್ದ ತಪ್ಪನ್ನು ಅಲ್ಲಿನ ಒಬ್ಬ ಹೆಣ್ಣುಮಗಳು ನನಗೆ ತಿಳಿಸಿ ಹೇಳಿದರು: ಮುಚ್ಚಿಡುವುದಕ್ಕೆ ಮನೆಯವರೆಲ್ಲ ಸೇರಿ ಇಷ್ಟು ಕಷ್ಟಪಟ್ಟರೆ, ಆಕೆಗೆ ಬಿಡುವುದಕ್ಕೆ ಸಹಾಯ ಮಾಡಲು ಶಕ್ತಿ ಎಲ್ಲಿ ಉಳಿಯುತ್ತದೆ? ಬನಹಟ್ಟಿಗೆ ಬಂದ ಮರುದಿನ ಶಾಲೆಯಲ್ಲಿ ಜೊತೆಯ ಶಿಕ್ಷಕಿಯರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಬ್ಬಾಕೆ ನನ್ನ ಕೈ ಹಿಡಿದುಕೊಂಡು, ತನ್ನ ಮೈದುನನದೂ ಇದೇ ಕಥೆ ಎಂದಳು. ಇನ್ನೊಬ್ಬಾಕೆ ಕೆಲವು ದಿನ ನನ್ನ ಪಕ್ಕದಲ್ಲಿ ಕೂತು ಊಟದ ಡಬ್ಬಿ ತೆರೆಯಲಿಲ್ಲ.

ಕಾಕುವಿನ ಮನೆಗೆ ಹೋಗಬೇಕಿತ್ತು. ಅದನ್ನು ತಿಂಗಳುಗಟ್ಟಲೆ ಮುಂದೂಡಿದ್ದೆ. ಅಕ್ಕ ಬಂದ ಮೇಲೆ ಆಕೆಗೆ ಹೇಳಿದಾಗ, ತಾನೂ ಬರುತ್ತೇನೆಂದಳು. ಒಂದು ರವಿವಾರ ಬೆಳಿಗ್ಗೆ ಇಬ್ಬರೂ ಹೋದೆವು. ಕಾಕು ಬಾಗಿಲಲ್ಲಿ ಕಂಡಿಕೆ ಸುತ್ತುತ್ತಿದ್ದಳು. ರಾಟಿ ನಿಲ್ಲಿಸಲಿಲ್ಲ. ಗುಳಿಗೆಯ ವಿಷಯ, ಅವ್ವನ ವಿಷಯ, ಅಕ್ಕನ ವಿಷಯ ಎಲ್ಲ ಹೇಳಿ, ನನ್ನದು ತಪ್ಪಾಯಿತು ಎಂದೆ.

“ನೀವು ಕಲಿಸೋರು ಅದೀರಿ ಟೀಚರ್ರ,” ಎಂದಳು ಕಾಕು. “ತಗೊಂಡೀಯೇನು ಅಂತ ಒಂದು ಮಾತು ಕೇಳಬೇಕಿತ್ತು. ಕೇಳಿದ್ರ ಇಲ್ಲ ಅಂತಿದ್ನಿ, ಆತು. ಕೇಳಲಾರದ ಕಳಿಸಿದ್ರಿ.”

ಒಳಗಿನಿಂದ ಆಕೆಯ ಗಂಡ ನರಳಿದ. ಕಾಕು ಎದ್ದು ಹೋಗಲಿಲ್ಲ; ಅಕ್ಕನ ಮುಖ ನೋಡಿದಳು. ಕಾಲಿನ ಹುಣ್ಣು ವಾಸನೆ ಬರುತ್ತಿದೆ, ಸರಕಾರಿ ಆಸ್ಪತ್ರೆಗೆ ಸೋಮವಾರ ಕರೆದಿದ್ದಾರೆ, ಒಂದು ಸಲ ನೋಡುತ್ತೀಯಾ ಸಿಸ್ಟರ್ ಎಂದು ಕೇಳಿದಳು. ಅಕ್ಕ ಹಿಂದೆ ಸರಿದಳು. ಧಾರವಾಡದಲ್ಲಿ ಆಕೆಯೇ ತನಗೊಂದು ನೇಮ ಹಾಕಿಕೊಂಡಿದ್ದಳು: ಪರರ ಔಷಧ ಮುಟ್ಟುವುದಿಲ್ಲ ಎಂದು. ಅದನ್ನೇ ಕಾಕುವಿಗೆ ಹೇಳಿದಳು. ಕಾಕು, ಔಷಧ ನಾನು ಹಿಡಿಯುತ್ತೇನೆ, ನೀನು ಹುಣ್ಣು ನೋಡು ಎಂದಳು. ಔಷಧದ ಡಬ್ಬಿಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕಾಕು ಕೂತಳು. ಅಕ್ಕ ನೀರು ಕಾಸಿ, ಬಟ್ಟೆ ಕುದಿಸಿ, ಆತನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ತೊಳೆದಳು. ಇದು ಸೋಮವಾರದವರೆಗೆ ಕಾಯುವುದಲ್ಲ, ಇವತ್ತೇ ಕರೆದೊಯ್ಯಬೇಕು ಎಂದಳು. ನನ್ನ ಗಂಡ ಕರೆದುಕೊಂಡು ಹೋದ. ಎರಡು ಬೆರಳು ಹೋದವು, ಕಾಲು ಉಳಿಯಿತು. ಕಾಕು ನಮ್ಮ ಮನೆಯ ಕೆಲಸಕ್ಕೆ ಮತ್ತೆ ಬರಲಿಲ್ಲ. ನಾವೂ ಕರೆಯುವ ಧೈರ್ಯ ಮಾಡಲಿಲ್ಲ. ಎದುರಿಗೆ ಸಿಕ್ಕರೆ ಈಗ ನಿಂತು ಮಾತಾಡುತ್ತಾಳೆ, ಅಷ್ಟು.

ಅದಾಗಿ ಎರಡು ವರ್ಷ ದಾಟಿದೆ. ಮಾವ ಜಮಖಂಡಿಗೆ ವರ್ಗ ಮಾಡಿಸಿಕೊಂಡ. ಬನಹಟ್ಟಿಯಲ್ಲಿ ನಮ್ಮ ಓಣಿಯ ಹಿಂದಿನ ಬೀದಿಯಲ್ಲೇ ಮನೆ ಹಿಡಿದಿದ್ದಾರೆ. ಅಕ್ಕ ಒಂದು ಸೀರೆ ಅಂಗಡಿಯ ಗೋದಾಮಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಮಗ್ಗದಿಂದ ಬಂದ ಸೀರೆಗಳನ್ನು ಉದ್ದನೆಯ ಮೇಜಿನ ಮೇಲೆ ಹಾಸಿ, ಎಳೆ ತಪ್ಪಿದೆಯೇ, ಬಣ್ಣ ಕೂತಿದೆಯೇ ನೋಡಿ ಮಡಚಿಡುವ ಕೆಲಸ. ನಿಂತು ಮಾಡುವುದರಿಂದ ಬೆನ್ನಿಗೂ ತೊಂದರೆಯಿಲ್ಲವಂತೆ. ಬೆಳಗಿನ ಗುಳಿಗೆಯನ್ನು ನುಂಗಿದ ಮೇಲೆ ಕೇಳುವ ಮೊದಲೇ ಬಾಯಿ ತೆರೆದು ಮಾವನಿಗೆ ತೋರಿಸುತ್ತಿದ್ದಳು. ಈಗ ಆ ಗುಳಿಗೆಯನ್ನೂ ನಿಲ್ಲಿಸಿದ್ದಾರೆ. ಧಾರವಾಡಕ್ಕೆ ಮೂರು ತಿಂಗಳಿಗೊಮ್ಮೆ ಹೋಗಿ ಬಂದರೆ ಸಾಕು. ವಾಸಿಯಾಯಿತು ಎಂದು ಯಾರಾದರೂ ಅಂದರೆ ಅಕ್ಕ ಒಪ್ಪುವುದಿಲ್ಲ. ಇವತ್ತು ತಗೊಂಡಿಲ್ಲ ಎಂದಷ್ಟೇ ಹೇಳುತ್ತಾಳೆ. ನಾನು ಕೂಡ, ಆಕೆ ಫೋನ್ ಎತ್ತುವುದು ತಡವಾದರೆ ಇವತ್ತಿಗೂ ಮತ್ತೆ ಮತ್ತೆ ಮಾಡುತ್ತೇನೆ. ಅದು ಆಕೆಗೆ ಗೊತ್ತು. ತಡವಾದರೆ ಎತ್ತಿದ ಕೂಡಲೇ ಎಲ್ಲಿದ್ದೆ ಎಂದು ತಾನಾಗಿಯೇ ಹೇಳುತ್ತಾಳೆ.

ಹುಡುಗಿ ಈಗ ಜಮಖಂಡಿಯ ಕಾಲೇಜಿಗೆ ಹೋಗುತ್ತಾಳೆ. ತಾಯಿಯ ಜೊತೆ ಮಾತು ಬಹಳ ದಿನ ಬೇಕು, ಬೇಡದಲ್ಲೇ ಮುಗಿಯುತ್ತಿತ್ತು. ಅಕ್ಕ ಅದಕ್ಕೆ ಒತ್ತಾಯ ಮಾಡಲಿಲ್ಲ. ಹೋದ ತಿಂಗಳು ಒಂದು ಸಂಜೆ ಅಕ್ಕನ ಮನೆಗೆ ಹೋದರೆ ಬಾಗಿಲಿನಾಚೆಗೇ ಜಗಳ ಕೇಳಿಸಿತು. ಹುಡುಗಿ ಕೇಳದೆ ಕೂದಲನ್ನು ಹೆಗಲವರೆಗೆ ಕತ್ತರಿಸಿಕೊಂಡು ಬಂದಿದ್ದಳು. ಅಕ್ಕ ಬೈಯುತ್ತಿದ್ದಳು, ಹುಡುಗಿ ಮಾತಿಗೆ ಮಾತು ಕೊಡುತ್ತಿದ್ದಳು. ತಟ್ಟೆ ಹಾಗೇ ಬಿಟ್ಟು ಎದ್ದಿದ್ದಳು, ಟಿ.ವಿ. ದೊಡ್ಡದಾಗಿ ಹಾಕಿದ್ದಳು. ಮಾವ ಮೂಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ, ಇಬ್ಬರ ಕಡೆಯೂ ನೋಡುತ್ತಿರಲಿಲ್ಲ.

“ನೀನರ ಹೇಳ ಬೇ ಈಕಿಗೆ,” ಎಂದಳು ಅಕ್ಕ ನನ್ನನ್ನು ಕಂಡು. “ಒಂದು ಮಾತು ಕೇಳಂಗಿಲ್ಲ ಈಗೀಗ.”

ನಾನು ಮಾವನ ಪಕ್ಕದಲ್ಲಿ ಕೂತು ಶೇಂಗಾ ಸುಲಿಯತೊಡಗಿದೆ. ಜಗಳ ಇನ್ನೂ ಸ್ವಲ್ಪ ಹೊತ್ತು ನಡೆಯಿತು.